ಟೆಸ್ಟ್ ‘ಸರಿ’ ಅಂದಿತು, ಭಾಗ ಮುರಿಯಿತು: ಒಳಗಿನ ದೋಷ ಕೈಗೆ ಸಿಗದಿದ್ದಾಗ ಎಲ್ಲಿ ಹುಡುಕಬೇಕು

ಭಾಗವನ್ನು ಒಡೆಯದೆ, ಕೊಯ್ಯದೆ ಒಳಗೆ ಏನಿದೆ ಎಂದು ತಿಳಿಯುವ ಪರೀಕ್ಷೆಗಳನ್ನು ಒಟ್ಟಾಗಿ ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಚಿಕ್ಕದಾಗಿ ಎನ್‌ಡಿಟಿ ಎನ್ನುತ್ತೇವೆ. ವೆಲ್ಡಿಂಗ್ ಇರಲಿ, ಎರಕದ ಭಾಗ ಇರಲಿ, ಕಾಂಕ್ರೀಟ್ ಕಂಬ ಇರಲಿ, ಹುಡುಕುವುದು ಬಿರುಕು, ಗುಳ್ಳೆ, ಟೊಳ್ಳು, ತುಕ್ಕು ಇಂಥವನ್ನೇ. ಉಪಕರಣವನ್ನು ಹೇಗೆ ಓಡಿಸಬೇಕು ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಟೆಸ್ಟ್ ಮುಗಿದ ಮೇಲೆ ‘ಈ ಉತ್ತರ ಯಾಕೋ ಸರಿ ಇಲ್ಲ’ ಅನ್ನಿಸಿದರೆ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಪೈಪ್ ಸೋರುತ್ತಿದೆ, ರಿಪೋರ್ಟ್‌ನಲ್ಲಿ ಮಾತ್ರ ದೋಷವಿಲ್ಲ. ಇಲ್ಲವೇ ಪರದೆ ತುಂಬ ಸಿಗ್ನಲ್, ಕೊಯ್ದು ನೋಡಿದರೆ ಒಳಗೆ ಏನೂ ಇಲ್ಲ. ಈ ಬರಹ ಅಂಥ ಹೊತ್ತಿಗೆ.

ಇಲ್ಲಿ ಉದ್ದಕ್ಕೂ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿದ್ದೇನೆ. ರಿಪೋರ್ಟ್‌ನಲ್ಲಿ ‘ದೋಷ ಕಾಣಲಿಲ್ಲ’ ಎಂದು ಬರೆದಿದ್ದರೆ ಅದರ ಅರ್ಥ ಇಷ್ಟೇ: ಈ ವಿಧಾನದಲ್ಲಿ, ಈ ಕಡೆಯಿಂದ, ಈ ಸೆಟ್ಟಿಂಗ್‌ನಲ್ಲಿ ಹುಡುಕಿದಾಗ ಸಿಗಲಿಲ್ಲ. ಹಾಗಾಗಿ ಭಾಗದ ಮೇಲೆ ಅನುಮಾನ ಬಂದಾಗ ಮೊದಲು ಟೆಸ್ಟನ್ನೇ ಟೆಸ್ಟ್ ಮಾಡಬೇಕು.

ಉಪಕರಣ ಮುಟ್ಟುವ ಮೊದಲು

ಮೂರು ಪ್ರಶ್ನೆ ಕೇಳಿಕೊಳ್ಳಿ. ಲೋಹ ಯಾವುದು, ಅದನ್ನು ಅಯಸ್ಕಾಂತ ಹಿಡಿಯುತ್ತದಾ? ದೋಷ ಮೇಲ್ಮೈಗೆ ಬಾಯಿ ತೆರೆದಿದೆಯಾ, ಚರ್ಮದ ಕೆಳಗಿದೆಯಾ, ಆಳದಲ್ಲಿದೆಯಾ? ಮೂರನೆಯದು, ಅದು ಯಾವ ದಿಕ್ಕಿಗೆ ಮಲಗಿದೆ?

ಮೂರನೆಯದನ್ನೇ ಎಲ್ಲರೂ ಮರೆಯುವುದು. ಗಾಳಿಗುಳ್ಳೆ ದುಂಡಗಿರುತ್ತದೆ, ಯಾವ ಕಡೆಯಿಂದ ನೋಡಿದರೂ ಸಿಗುತ್ತದೆ. ಬಿರುಕು ಹಾಳೆಯಂತೆ ತೆಳ್ಳಗೆ ಇರುತ್ತದೆ. ಸರಿಯಾದ ಕಡೆಯಿಂದ ನೋಡಿದರೆ ಗೋಡೆಯಷ್ಟು ದೊಡ್ಡದು, ತಪ್ಪು ಕಡೆಯಿಂದ ನೋಡಿದರೆ ಇಲ್ಲವೇ ಇಲ್ಲ. ಭಾಗದ ಮೇಲೆ ಬಲ ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿ. ಹೊಯ್ದಾಡುವ ಬಲದಿಂದ ನಿಧಾನವಾಗಿ ಬೆಳೆಯುವ ಬಿರುಕು ಸಾಮಾನ್ಯವಾಗಿ ಆ ಎಳೆತಕ್ಕೆ ಅಡ್ಡವಾಗಿ ಬೆಳೆಯುತ್ತದೆ. ಅಷ್ಟು ಗೊತ್ತಾದರೆ ಪ್ರೋಬ್, ಅಂದರೆ ಭಾಗದ ಮೇಲಿಟ್ಟು ಹುಡುಕುವ ಉಪಕರಣದ ತುದಿ, ಎಲ್ಲಿಡಬೇಕು ಎಂಬುದು ಅರ್ಧ ಗೊತ್ತಾದಂತೆ.

ಇನ್ನು ಕಣ್ಣು. ನಗಬೇಡಿ, ಕಣ್ಣಿನಿಂದ ನೋಡುವುದೂ ಒಂದು ಎನ್‌ಡಿಟಿ ವಿಧಾನವೇ, ಅದಕ್ಕೂ ನಿಯಮಗಳಿವೆ. ಬಹಳ ಕಡೆ ಪಾಲಿಸುವ ಅಳತೆ ಹೀಗಿದೆ: ಕಣ್ಣು ಭಾಗದಿಂದ 600 ಮಿ.ಮೀ. ಒಳಗಿರಬೇಕು, ನೋಡುವ ಕೋನ 30 ಡಿಗ್ರಿಗಿಂತ ಕಡಿಮೆ ಇರಬಾರದು, ಬೆಳಕು 1000 ಲಕ್ಸ್ ಆದರೂ ಬೇಕು. ಟಾರ್ಚನ್ನು ನೇರಕ್ಕೆ ಹಿಡಿಯುವ ಬದಲು ಓರೆಯಾಗಿ ಹಿಡಿದರೆ ಬಿರುಕಿನ ಅಂಚು ನೆರಳು ಬೀಳಿಸುತ್ತದೆ. ಬಿರುಕಿನಿಂದ ಒಸರಿದ ತುಕ್ಕಿನ ಗೆರೆ, ಪೇಂಟ್‌ನಲ್ಲಿ ಸಣ್ಣ ಸೀಳು, ಧೂಳು ಹಿಡಿದ ಎಣ್ಣೆಯ ಕಲೆ, ಇವೆಲ್ಲ ಪುಕ್ಕಟೆ ಸುಳಿವು. ಭಾಗವನ್ನು ಒರೆಸಿದರೆ ಇವೂ ಹೋಗಿಬಿಡುತ್ತವೆ. ಆದ್ದರಿಂದ ಒರೆಸುವ ಮೊದಲೇ ನೋಡಿ, ಫೋಟೋ ತೆಗೆದಿಡಿ.

ಸೋರುತ್ತಿದೆ, ಆದರೆ ಡೈ ಪೆನೆಟ್ರಂಟ್‌ನಲ್ಲಿ ಏನೂ ಕಾಣುತ್ತಿಲ್ಲ

ಕೆಂಪು ದ್ರವ ಹಚ್ಚಿ, ಕಾದು, ಒರೆಸಿ, ಬಿರುಕಿನೊಳಗೆ ಉಳಿದ ಕೆಂಪನ್ನು ಹೊರಗೆ ಹೀರುವ ಬಿಳಿ ಪುಡಿ, ಅಂದರೆ ಡೆವಲಪರ್, ಹೊಡೆಯುವ ಟೆಸ್ಟ್ ಇದು. ಅಗ್ಗ, ಸುಲಭ. ಸುಲಭವಾದದ್ದಕ್ಕೇ ಇದರಲ್ಲಿ ತಪ್ಪು ಜಾಸ್ತಿ. ಬಿರುಕಿನ ಬಾಯಿ ತೆರೆದಿರಬೇಕು, ಒಳಗೆ ಬೇರೇನೂ ತುಂಬಿರಬಾರದು. ಟೆಸ್ಟ್ ನಿಂತಿರುವುದೇ ಈ ಎರಡರ ಮೇಲೆ.

ಮೊದಲ ಅನುಮಾನ ಸ್ವಚ್ಛ ಮಾಡಿದ ರೀತಿಯ ಮೇಲಿರಲಿ. ಭಾಗಕ್ಕೆ ಸಣ್ಣ ಗುಂಡುಗಳನ್ನು ಜೋರಾಗಿ ಬಡಿಸಿ (ಶಾಟ್ ಬ್ಲಾಸ್ಟಿಂಗ್) ಸ್ವಚ್ಛ ಮಾಡಿದ್ದರೆ, ವೈರ್ ಬ್ರಷ್‌ನಿಂದ ಜೋರಾಗಿ ಉಜ್ಜಿದ್ದರೆ, ಅಥವಾ ಮೆತ್ತಗಿನ ಲೋಹಕ್ಕೆ ಗ್ರೈಂಡರ್ ಹಿಡಿದಿದ್ದರೆ ಮೇಲಿನ ಲೋಹ ಸವರಿ ಬಿರುಕಿನ ಬಾಯಿ ಮುಚ್ಚುತ್ತದೆ. ಅಲ್ಯೂಮಿನಿಯಂನಲ್ಲಿ ಇದು ಬಹಳ. ಕಣ್ಣಿಗೆ ಫಳಫಳ ಹೊಳೆಯುವ ಮೇಲ್ಮೈ, ಬಿರುಕು ಮಾತ್ರ ಕೆಳಗೆ ಭದ್ರವಾಗಿ ಕೂತಿರುತ್ತದೆ. ಇದಕ್ಕೆ ಪರಿಹಾರ ಆಸಿಡ್‌ನಿಂದ ತೆಳುವಾಗಿ ಕೆರೆಯುವುದು, ಅಂದರೆ ಎಚ್ಚಿಂಗ್. ಮಾಡಿದ ಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಒಳಗೆ ಉಳಿದ ಆಸಿಡ್ ಪೆನೆಟ್ರಂಟ್‌ನ ಬಣ್ಣವನ್ನೇ ಕೆಡಿಸುತ್ತದೆ.

ಎರಡನೆಯದು ತೇವ. ಸೋರುವ ಜಾಗದ ಬಿರುಕಿನಲ್ಲಿ ನೀರೋ ಎಣ್ಣೆಯೋ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ಕೊಡ ನೀರು ಹಿಡಿಸುತ್ತದಾ? ಮೇಲಿನಿಂದ ಒರೆಸಿದರೆ ಸಾಲದು. ಒತ್ತಡ ಇಳಿಸಿ, ಬಿಸಿ ಗಾಳಿಯಿಂದ ಒಣಗಿಸಿ, ಭಾಗ ತಣಿದ ಮೇಲೆ ಹಚ್ಚಿ.

ಮೂರನೆಯದು ಸಮಯ ಮತ್ತು ತಾಪ. ಮಾಮೂಲಿ ಪೆನೆಟ್ರಂಟ್ ಸುಮಾರು 5ರಿಂದ 50 ಡಿಗ್ರಿ ಸೆಲ್ಸಿಯಸ್ ಒಳಗೆ ಕೆಲಸ ಮಾಡುವಂಥದ್ದು. ಅದಕ್ಕಿಂತ ತಣ್ಣಗಿದ್ದರೆ ದ್ರವ ಗಟ್ಟಿಯಾಗಿ ಒಳಗಿಳಿಯುವುದಿಲ್ಲ, ಜಾಸ್ತಿ ಬಿಸಿಯಿದ್ದರೆ ಹಚ್ಚಿದಲ್ಲೇ ಒಣಗುತ್ತದೆ. ವೆಲ್ಡಿಂಗ್‌ನ ಬಿಸಿ ಆರುವ ಮೊದಲೇ ಸ್ಪ್ರೇ ಹೊಡೆಯುವವರನ್ನು ನಾನು ನೋಡಿದ್ದೇನೆ. ಕಾಯುವ ಸಮಯ ಸಾಮಾನ್ಯವಾಗಿ 5ರಿಂದ 30 ನಿಮಿಷ. ಬಿಗಿಯಾದ, ಸಣ್ಣ ಬಿರುಕಿಗೆ 30 ನಿಮಿಷವೇ ಸರಿ. ಡೆವಲಪರ್ ಹೊಡೆದ ಮೇಲೂ 10 ನಿಮಿಷವಾದರೂ ಬಿಡಬೇಕು. ಆ ಹೊತ್ತಿನಲ್ಲಿ ಚಹಾಕ್ಕೆ ಹೋಗಬೇಡಿ. ಮೊದಲ ಒಂದೆರಡು ನಿಮಿಷದಲ್ಲಿ ಕೆಂಪು ಎಲ್ಲಿಂದ, ಹೇಗೆ ಒಸರುತ್ತದೆ ಎಂಬುದೇ ಬಿರುಕಿನ ಆಕಾರ ಹೇಳುತ್ತದೆ. ಆಮೇಲೆ ಎಲ್ಲ ಹರಡಿ ಒಂದೇ ಕಲೆಯಾಗುತ್ತದೆ.

ನಾಲ್ಕನೆಯದು ಒರೆಸುವ ಕೈ. ಕ್ಲೀನರನ್ನು ನೇರವಾಗಿ ಭಾಗದ ಮೇಲೆ ಸ್ಪ್ರೇ ಮಾಡಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಮೊದಲು ಒಣ ಬಟ್ಟೆ, ಕೊನೆಗೆ ಕ್ಲೀನರ್‌ನಲ್ಲಿ ಲಘುವಾಗಿ ಒದ್ದೆ ಮಾಡಿದ ಬಟ್ಟೆ, ಅಷ್ಟೇ.

ಇದಕ್ಕೆ ವಿರುದ್ಧದ ತೊಂದರೆಯೂ ಇದೆ: ಇಡೀ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ಸಾಮಾನ್ಯವಾಗಿ ಒರಟು ಮೇಲ್ಮೈ ಅಥವಾ ಅರೆಬರೆ ಒರೆಸಿದ್ದರ ಫಲ. ಎಲ್ಲವನ್ನೂ ತೆಗೆದು ಮೊದಲಿನಿಂದ ಮಾಡಿ. ಕಲೆಯ ಮೇಲೆ ಮತ್ತೊಂದು ಕೋಟ್ ಡೆವಲಪರ್ ಹೊಡೆದು ಮುಚ್ಚುವುದು ಟೆಸ್ಟ್ ಅಲ್ಲ, ಸುಣ್ಣ ಬಳಿಯುವುದು.

ಕತ್ತಲಲ್ಲಿ ಹೊಳೆಯುವ ಫ್ಲೋರೊಸೆಂಟ್ ಪೆನೆಟ್ರಂಟ್ ಆದರೆ ಇನ್ನೂ ಎರಡು ನೋಡಿ. ಕಪ್ಪು ಬೆಳಕಿನ, ಅಂದರೆ ಅಲ್ಟ್ರಾವಯೊಲೆಟ್, ದೀಪದ ಬಲ ಭಾಗದ ಮೇಲೆ ಪ್ರತಿ ಚದರ ಸೆಂ.ಮೀ.ಗೆ 1000 ಮೈಕ್ರೋವ್ಯಾಟ್ ಆದರೂ ಇರಬೇಕು, ಸುತ್ತಲಿನ ಬೆಳಕು 20 ಲಕ್ಸ್ ಸುತ್ತಮುತ್ತ ಅಥವಾ ಅದಕ್ಕಿಂತ ಕಡಿಮೆ. ಮತ್ತೆ ನೋಡುವವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕಿಕೊಂಡು ಕತ್ತಲ ಕೋಣೆಗೆ ಹೋದರೆ ದೀಪದ ಕಿರಣಕ್ಕೇ ಅದು ಕಪ್ಪಾಗಿ ಮಸುಕು ಬೆಳಕೆಲ್ಲ ಮಾಯವಾಗುತ್ತದೆ.

ಇದೆಲ್ಲ ಸಣ್ಣ ಸಂಗತಿ ಅನ್ನಿಸಬಹುದು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಒಂದು ಡಿಸಿ-10 ವಿಮಾನ ಅಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಬಾಲದ ಎಂಜಿನ್‌ನ ಟೈಟಾನಿಯಂ ಫ್ಯಾನ್ ಡಿಸ್ಕ್ ಸಿಡಿದದ್ದು ಕಾರಣ. ಅದರ ಹಿಂದಿನ ವರ್ಷವೇ ಆ ಡಿಸ್ಕ್‌ಗೆ ಫ್ಲೋರೊಸೆಂಟ್ ಪೆನೆಟ್ರಂಟ್ ಟೆಸ್ಟ್ ಆಗಿತ್ತು, ಪಾಸೂ ಆಗಿತ್ತು. ಆ ಹೊತ್ತಿಗಾಗಲೇ ಬಿರುಕು ಕೈಗೆ ಸಿಗುವಷ್ಟು ಬೆಳೆದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ವಿಧಾನ ಸರಿಯಿತ್ತು, ಬಿರುಕಿನ ಬಾಯಿಯೂ ಮೇಲ್ಮೈಗೆ ತೆರೆದಿತ್ತು. ಆದರೂ ಕೈತಪ್ಪಿತು.

ಮ್ಯಾಗ್ನೆಟಿಕ್ ಟೆಸ್ಟ್‌ನಲ್ಲಿ ಗೆರೆ ಬಂದಿದೆ, ಬಿರುಕೋ ಅಲ್ಲವೋ

ಭಾಗಕ್ಕೆ ಕಾಂತ ಹಿಡಿಸಿ ಕಬ್ಬಿಣದ ಪುಡಿ ಉದುರಿಸಿದರೆ, ಬಿರುಕಿನ ಹತ್ತಿರ ಕಾಂತರೇಖೆ ಹೊರಗೆ ಚೆಲ್ಲಿ ಪುಡಿಯನ್ನು ಹಿಡಿಯುತ್ತದೆ. ಅಯಸ್ಕಾಂತ ಹಿಡಿಯದ 304, 316 ಸ್ಟೇನ್‌ಲೆಸ್ ಸ್ಟೀಲ್‌ಗೆ, ಅಲ್ಯೂಮಿನಿಯಂಗೆ ಇದು ನಡೆಯುವುದಿಲ್ಲ.

ಗೆರೆ ಚೂಪಾಗಿ, ತೆಳ್ಳಗೆ, ಸ್ವಲ್ಪ ಅಂಕುಡೊಂಕಾಗಿ ಇದ್ದರೆ ಮೇಲ್ಮೈ ಬಿರುಕಿನ ಅನುಮಾನ ಜಾಸ್ತಿ. ಅಗಲವಾಗಿ, ಮಸುಕಾಗಿ ಇದ್ದರೆ ದೋಷ ಸ್ವಲ್ಪ ಕೆಳಗಿರಬಹುದು, ಅಥವಾ ಭಾಗದ ಆಕಾರವೇ ಹಾಗೆ ತೋರಿಸುತ್ತಿರಬಹುದು. ಥ್ರೆಡ್‌ನ ಬುಡ, ಕೀವೇ ಮೂಲೆ, ದಪ್ಪ ಬದಲಾಗುವ ಮೆಟ್ಟಿಲು, ಎಲ್ಲ ಕಡೆ ಪುಡಿ ನಿಲ್ಲುತ್ತದೆ. ಕಾಂತ ಹಿಡಿದಿದ್ದ ಇನ್ನೊಂದು ಉಪಕರಣ ಭಾಗಕ್ಕೆ ಉಜ್ಜಿದ್ದರೂ ಅಲ್ಲಿ ಗೆರೆ ಬರೆದಂತೆ ಬರುತ್ತದೆ. ಇದನ್ನು ಬೇರ್ಪಡಿಸುವುದು ಸುಲಭ: ಡಿಮ್ಯಾಗ್ನೆಟೈಸ್ ಮಾಡಿ, ಅಂದರೆ ಹಿಡಿದ ಕಾಂತ ಇಳಿಸಿ, ಒರೆಸಿ, ಮತ್ತೆ ಟೆಸ್ಟ್ ಮಾಡಿ. ಉಜ್ಜಿದ ಗುರುತಾಗಿದ್ದರೆ ಮಾಯ. ಬಿರುಕಾಗಿದ್ದರೆ ಅದೇ ಜಾಗಕ್ಕೆ ವಾಪಸ್.

ಒಂದು ಗೆರೆ ಮಾತ್ರ ಎಂಥವರನ್ನೂ ಮೋಸ ಮಾಡುತ್ತದೆ. ಮಾಮೂಲಿ ಸ್ಟೀಲ್‌ಗೆ ಸ್ಟೇನ್‌ಲೆಸ್ ರಾಡ್‌ನಿಂದ ವೆಲ್ಡ್ ಮಾಡಿದ್ದರೆ, ಎರಡು ಲೋಹ ಕೂಡುವ ಅಂಚಿನುದ್ದಕ್ಕೂ ಸೊಗಸಾದ, ಚೂಪಾದ ಗೆರೆ ಬರುತ್ತದೆ. ಒಂದು ಕಡೆ ಕಾಂತ ಹರಿಯುತ್ತದೆ, ಇನ್ನೊಂದು ಕಡೆ ಹರಿಯುವುದಿಲ್ಲ, ಅಲ್ವಾ? ಪುಡಿಗೆ ಅದೂ ಬಿರುಕಿನಂತೆಯೇ ಕಾಣುತ್ತದೆ. ಬಿರುಕು ಎಂದು ಅಗೆದು, ಅದೇ ರಾಡ್‌ನಿಂದ ಮತ್ತೆ ತುಂಬಿ, ಮತ್ತೆ ಗೆರೆ ಕಂಡು, ಮತ್ತೆ ಅಗೆದ ಕೆಲಸವನ್ನು ನಾನೇ ನೋಡಿದ್ದೇನೆ. ಅಂಥ ಜಾಗದಲ್ಲಿ ಡೈ ಪೆನೆಟ್ರಂಟ್ ಮಾಡಿ ತೀರ್ಮಾನಕ್ಕೆ ಬನ್ನಿ. ಅದಕ್ಕೆ ಕಾಂತದ ಹಂಗಿಲ್ಲ.

ಏನೂ ಬರಲಿಲ್ಲ ಎಂದಾದರೆ ದಿಕ್ಕು ನೋಡಿ. ಕಾಂತರೇಖೆಗೆ ಅಡ್ಡವಾಗಿರುವ ಬಿರುಕು ಚೆನ್ನಾಗಿ ಸಿಗುತ್ತದೆ, ಉದ್ದಕ್ಕೆ ಮಲಗಿದ ಬಿರುಕು ಸಿಗುವುದಿಲ್ಲ. ಯೋಕ್ ಅನ್ನು, ಅಂದರೆ ಕಾಂತ ಹಿಡಿಸುವ ಎರಡು ಕಾಲಿನ ವಿದ್ಯುತ್ ಅಯಸ್ಕಾಂತವನ್ನು, ಒಂದು ಸಲ ಇಟ್ಟು, ಆಮೇಲೆ 90 ಡಿಗ್ರಿ ತಿರುಗಿಸಿ ಇಡದೇ ಹೋದರೆ ಅರ್ಧ ಟೆಸ್ಟ್ ಮಾತ್ರ ಆದಂತೆ. ಯೋಕ್‌ಗೆ ಶಕ್ತಿ ಇದೆಯೋ ಇಲ್ಲವೋ ತೂಕ ಎತ್ತಿಸಿ ನೋಡಿ: ಎಸಿ ಯೋಕ್ 4.5 ಕೆ.ಜಿ., ಡಿಸಿ ಯೋಕ್ ಸುಮಾರು 18 ಕೆ.ಜಿ. ಎತ್ತಬೇಕು. ಪುಡಿ ಎದ್ದು ಕಾಣಲೆಂದು ಹಚ್ಚುವ ಬಿಳಿ ಕಾಂಟ್ರಾಸ್ಟ್ ಪೇಂಟನ್ನು ಗೋಡೆಗೆ ಬಳಿದಂತೆ ದಪ್ಪಗೆ ಬಳಿದರೆ ಸಣ್ಣ ಬಿರುಕು ಅದರಡಿ ಮುಳುಗುತ್ತದೆ.

ದಪ್ಪ ಅಳೆಯುವ ಗೇಜ್ ನಂಬಲಾಗದ ಅಂಕೆ ತೋರಿಸುತ್ತಿದೆ

ಅಲ್ಟ್ರಾಸೋನಿಕ್ ಗೇಜ್, ಅಂದರೆ ಕಿವಿಗೆ ಕೇಳದ ಶಬ್ದ ಕಳಿಸುವ ಗೇಜ್, ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಶಬ್ದ ಹೋಗಿ ಬರುವ ಸಮಯ ಅಳೆದು, ನೀವು ಕೊಟ್ಟ ವೇಗಕ್ಕೆ ಗುಣಿಸಿ ಅರ್ಧ ಮಾಡುತ್ತದೆ. ಸ್ಟೀಲ್‌ನಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 5900 ಮೀಟರ್, ಅಲ್ಯೂಮಿನಿಯಂನಲ್ಲಿ ಸುಮಾರು 6300. ವೇಗ ತಪ್ಪು ಕೊಟ್ಟರೆ ಉತ್ತರವೂ ಅಷ್ಟೇ ತಪ್ಪು, ಗೇಜ್ ಒಂದು ಮಾತೂ ಆಡದೆ ತೋರಿಸುತ್ತದೆ.

ನಿಜಕ್ಕಿಂತ ಜಾಸ್ತಿ ತೋರಿಸಿದರೆ ಪೇಂಟ್ ನೋಡಿ. ಪೇಂಟ್‌ನಲ್ಲಿ ಶಬ್ದ ನಿಧಾನ. 1 ಮಿ.ಮೀ. ಪೇಂಟ್ ಪದರ ಗೇಜ್‌ಗೆ ಎರಡು, ಎರಡೂವರೆ ಮಿ.ಮೀ. ಸ್ಟೀಲ್‌ನಂತೆ ಕಾಣುತ್ತದೆ. ಸವೆದ ಪೈಪ್ ಹೊಸದರಂತೆ ತೋರುವುದು ಹೀಗೇ, ಮತ್ತು ಇದು ಅಪಾಯದ ಕಡೆಯ ತಪ್ಪು. ತಳಕ್ಕೆ ಬಡಿದು ವಾಪಸ್ ಬರುವ ಶಬ್ದವೇ ಎಕೋ; ಒಂದು ಎಕೋದಿಂದ ಮುಂದಿನ ಎಕೋಗೆ ಅಳೆಯುವ ಮೋಡ್ ಇದ್ದರೆ ಬಳಸಿ, ಇಲ್ಲದಿದ್ದರೆ ಪೇಂಟ್ ಕೆರೆಯಿರಿ. ಬಿಸಿ ಪೈಪ್ ಕೂಡ ಜಾಸ್ತಿ ತೋರಿಸುತ್ತದೆ. ಸ್ಟೀಲ್ ಸುಮಾರು 55 ಡಿಗ್ರಿ ಬಿಸಿಯೇರಿದರೆ ಅಂಕೆ ಶೇ. 1ರಷ್ಟು ಏರುತ್ತದೆ ಎಂಬುದು ರೂಢಿಯ ಲೆಕ್ಕ.

ಅಂಕೆ ಸರಿಯಾಗಿ ದುಪ್ಪಟ್ಟಾಗಿದ್ದರೆ ಭಾಗ ಬಹಳ ತೆಳ್ಳಗಿದೆ, ಗೇಜ್ ಮೊದಲ ಎಕೋ ಬಿಟ್ಟು ಎರಡನೆಯದನ್ನು ಹಿಡಿದಿದೆ ಎಂದರ್ಥ. ಪ್ಲೇಟ್‌ನ ನಡುವೆ ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಅರ್ಧ ದಪ್ಪ ತೋರಿಸಿದರೆ ತುಕ್ಕು ಎಂದು ಗಾಬರಿಯಾಗಬೇಡಿ. ತುಕ್ಕು ನಿಧಾನವಾಗಿ ಇಳಿಯುತ್ತದೆ, ಅಂಕೆ ಏರಿಳಿಯುತ್ತದೆ. ಒಮ್ಮೆಗೇ ಅರ್ಧಕ್ಕೆ ಬಿದ್ದು, ಒಂದಷ್ಟು ಜಾಗ ಹಾಗೇ ಸಮನಾಗಿ ಇದ್ದು, ಮತ್ತೆ ಪೂರ್ತಿಗೆ ಏರಿದರೆ ಅದು ಲ್ಯಾಮಿನೇಷನ್, ಅಂದರೆ ಪ್ಲೇಟ್ ರೋಲ್ ಮಾಡುವಾಗಲೇ ಒಳಗೆ ಉಳಿದ ಪದರ. ಅಂಕೆ ಮಾತ್ರ ತೋರಿಸುವ ಗೇಜ್‌ಗಿಂತ ಅಲೆಯ ಚಿತ್ರ ತೋರಿಸುವ ಉಪಕರಣವನ್ನು ನಾನು ಇಷ್ಟಪಡುವುದು ಇದಕ್ಕೇ.

ವೆಲ್ಡಿಂಗ್ ಬುಡದಲ್ಲಿ ಸಿಗ್ನಲ್: ಬಿರುಕೋ, ಆಕಾರವೋ

ಅಲ್ಟ್ರಾಸೋನಿಕ್ ಕೆಲಸದಲ್ಲಿ ಜಗಳ ಜಾಸ್ತಿ ನಡೆಯುವುದು ಇಲ್ಲಿ. ಓರೆ ಪ್ರೋಬ್ ಇಟ್ಟರೆ ವೆಲ್ಡ್‌ನ ಬುಡದಿಂದ, ಅಂದರೆ ರೂಟ್‌ನಿಂದ, ಯಾವಾಗಲೂ ಏನಾದರೂ ಒಂದು ಸಿಗ್ನಲ್ ಬಂದೇ ಬರುತ್ತದೆ. ಇಳಿಬಿದ್ದ ಲೋಹದ ಗುಬುಟೂ ಶಬ್ದವನ್ನು ವಾಪಸ್ ಕಳಿಸುತ್ತದೆ, ಬಿರುಕೂ ಕಳಿಸುತ್ತದೆ. ಎತ್ತರ ನೋಡಿ ಹೇಳಲಾಗುವುದಿಲ್ಲ. ಜಾಗ ನೋಡಿ ಹೇಳಬೇಕು.

ಲೆಕ್ಕ ಮಾಡೋಣ. ಪ್ಲೇಟ್ 20 ಮಿ.ಮೀ., ಪ್ರೋಬ್ 60 ಡಿಗ್ರಿ, ಅಂದರೆ ಶಬ್ದ ನೆಟ್ಟನೆಯ ಗೆರೆಯಿಂದ 60 ಡಿಗ್ರಿ ಓರೆಯಾಗಿ ಹೋಗುತ್ತದೆ. ಶಬ್ದ ಪ್ಲೇಟ್‌ನ ತಳ ಮುಟ್ಟುವ ದಾರಿ ಸರಿಯಾಗಿ 40 ಮಿ.ಮೀ. ಪ್ರೋಬ್‌ನಿಂದ ಶಬ್ದ ಹೊರಡುವ ಬಿಂದುವಿಗೂ ಆ ಜಾಗಕ್ಕೂ ಮೇಲ್ಮೈ ಮೇಲಿನ ದೂರ ಸುಮಾರು 35 ಮಿ.ಮೀ. ಈಗ ಸಿಗ್ನಲ್ 42 ಅಥವಾ 43ರಲ್ಲಿ ಬಂದರೆ ಅದು ತಳಕ್ಕಿಂತ ಕೆಳಗಿನ ವಸ್ತು, ಅಂದರೆ ಇಳಿಬಿದ್ದ ಗುಬುಟು. 38ರಿಂದ 40ರ ಒಳಗೆ ಬಂದರೆ ಲೋಹದೊಳಗೇ ಏನೋ ಇದೆ: ರೂಟ್ ಬಿರುಕು, ಅಥವಾ ಬುಡದವರೆಗೆ ಇಳಿಯದ ವೆಲ್ಡ್. ಎರಡು ಮಿ.ಮೀ. ವ್ಯತ್ಯಾಸದ ಮೇಲೆ ತೀರ್ಪು ನಿಂತಿರುವಾಗ ಪ್ಲೇಟ್‌ನ ದಪ್ಪವನ್ನು ಡ್ರಾಯಿಂಗ್‌ನಿಂದ ತೆಗೆದುಕೊಳ್ಳಬೇಡಿ, ಅಳೆಯಿರಿ. ಪ್ರೋಬ್‌ನ ತಳ ಸವೆದು ಕೋನ ಬದಲಾಗಿರುತ್ತದೆ, ಅದನ್ನೂ ಅಳತೆ ಗೊತ್ತಿರುವ ಲೋಹದ ಬ್ಲಾಕ್ ಮೇಲಿಟ್ಟು ನೋಡಿ. ಮೇಲೆ 60 ಎಂದು ಕೊರೆದಿದ್ದರೂ ಈಗ 62 ಆಗಿರಬಹುದು.

ಆಮೇಲೆ ವೆಲ್ಡ್‌ನ ಎರಡೂ ಕಡೆಯಿಂದ ನೋಡಿ, ಕಾಗದದ ಮೇಲೆ ಗುರುತು ಹಾಕಿ. ಗುಬುಟು ಆಗಿದ್ದರೆ ಎಡದಿಂದ ನೋಡಿದಾಗ ಗುರುತು ನಡುಗೆರೆಯ ಬಲಕ್ಕೆ, ಬಲದಿಂದ ನೋಡಿದಾಗ ಎಡಕ್ಕೆ ಬೀಳುತ್ತದೆ. ಶಬ್ದ ಗುಬುಟಿನ ಆಚೆ ಬದಿಗೆ ಬಡಿದು ಬರುವುದರಿಂದ ಗುರುತುಗಳು ಒಂದನ್ನೊಂದು ದಾಟುತ್ತವೆ. ಬುಡ ಕೂಡದೇ ಉಳಿದಿದ್ದರೆ ಎಡದಿಂದ ಎಡ ಅಂಚು, ಬಲದಿಂದ ಬಲ ಅಂಚು ಸಿಗುತ್ತದೆ, ನಡುವೆ ಸಂದು ಉಳಿಯುತ್ತದೆ. ಒಂದೇ ಕಡೆಯಿಂದ ಮಾತ್ರ ಜೋರಾಗಿ ಸಿಕ್ಕರೆ ಓರೆಯಾಗಿ ಮಲಗಿದ ದೋಷ, ಪಕ್ಕದ ಗೋಡೆಗೆ ಲೋಹ ಅಂಟದೇ ಹೋದದ್ದು ಇತ್ಯಾದಿ ಇರಬಹುದು.

ಸಿಗ್ನಲ್ ವೆಲ್ಡ್‌ನ ಮೇಲಿನ ಉಬ್ಬಿನಿಂದ ಬರುತ್ತಿದೆ ಎಂಬ ಅನುಮಾನವಿದ್ದರೆ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಆ ಉಬ್ಬನ್ನು ತಟ್ಟಿ. ಪರದೆಯ ಸಿಗ್ನಲ್ ಬೆರಳಿನ ತಾಳಕ್ಕೆ ಕುಣಿದರೆ ಅದು ಉಬ್ಬಿನದೇ. ಒಳಗಿನ ದೋಷಕ್ಕೆ ನಿಮ್ಮ ಬೆರಳಿನ ಗೊಡವೆಯಿಲ್ಲ.

ಒಂದು ಸೂಕ್ಷ್ಮ ಇಲ್ಲಿದೆ. ತಳದಿಂದ ನೆಟ್ಟಗೆ ಮೇಲೇಳುವ ಬಿರುಕನ್ನು ಹುಡುಕಲು 60 ಡಿಗ್ರಿ ಪ್ರೋಬ್ ನೆಚ್ಚಿಕೊಳ್ಳಬೇಡಿ. ಬಿರುಕು ಮತ್ತು ತಳ ಸೇರಿ ಮಾಡುವ ಮೂಲೆಗೆ ಆ ಕೋನದಲ್ಲಿ ಬಡಿದ ಶಬ್ದದ ದೊಡ್ಡ ಪಾಲು ಬೇರೆ ಬಗೆಯ ಅಲೆಯಾಗಿ ಬೇರೆ ದಿಕ್ಕಿಗೆ ಹೋಗುತ್ತದೆ. ವಾಪಸ್ ಬರುವುದು ಸಪ್ಪೆ ಸಿಗ್ನಲ್. ಅದೇ ಬಿರುಕಿಗೆ 45 ಡಿಗ್ರಿ ಇಟ್ಟರೆ ಮೂಲೆಯಿಂದ ಕನ್ನಡಿಯಂತೆ ಹೊಡೆಯುತ್ತದೆ. 60ರಲ್ಲಿ ಸಣ್ಣದು, 45ರಲ್ಲಿ ದೊಡ್ಡದು ಬಂದರೆ ನೆಟ್ಟಗಿನ ಬಿರುಕನ್ನೇ ಮೊದಲು ಅನುಮಾನಿಸಿ.

ತಳದ ಎಕೋ ಮಾಯವಾಗಿದೆ, ದೋಷದ ಎಕೋ ಇಲ್ಲ

ನೇರ ಪ್ರೋಬ್ ಇಟ್ಟಿದ್ದೀರಿ. ಬರಬೇಕಾದ ತಳದ ಎಕೋ ಬರುತ್ತಿಲ್ಲ, ನಡುವೆಯೂ ಏನಿಲ್ಲ. ಪರದೆ ಖಾಲಿ. ಇದನ್ನು ‘ದೋಷವಿಲ್ಲ’ ಎಂದು ಬರೆದವರಿದ್ದಾರೆ. ಅಸಲಿಗೆ ಶಬ್ದ ಒಳಗೆ ಹೋಗಿಯೇ ಇಲ್ಲ ಅಥವಾ ಹೋದದ್ದು ವಾಪಸ್ ಬಂದಿಲ್ಲ.

ಮೊದಲು ಗ್ರೀಸ್ ಅಥವಾ ಜೆಲ್ ಹೆಚ್ಚು ಹಾಕಿ, ಸಡಿಲ ತುಕ್ಕಿನ ಪದರ ಕೆರೆಯಿರಿ. ಪ್ರೋಬ್ ಮತ್ತು ಲೋಹದ ನಡುವೆ ಕೂದಲಿನಷ್ಟು ಗಾಳಿ ಇದ್ದರೂ ಶಬ್ದ ದಾಟುವುದಿಲ್ಲ. ಪಕ್ಕದ ಒಳ್ಳೆಯ ಜಾಗದಲ್ಲಿಟ್ಟು ನೋಡಿ. ಅಲ್ಲಿ ಎಕೋ ಬಂದು ಇಲ್ಲಿ ಮಾತ್ರ ಬಾರದಿದ್ದರೆ ಈ ಜಾಗದಲ್ಲಿ ಏನೋ ಇದೆ. ಓರೆಯಾಗಿ ನಿಂತ ದೋಷ ಶಬ್ದವನ್ನು ಪಕ್ಕಕ್ಕೆ ಎಸೆಯುತ್ತದೆ, ಗುಳ್ಳೆಗಳ ಗುಂಪು ಚದುರಿಸಿ ನುಂಗುತ್ತದೆ. ಓರೆ ಪ್ರೋಬ್ ತೆಗೆದುಕೊಂಡು ನಾಲ್ಕೂ ಕಡೆಯಿಂದ ಹುಡುಕಿ.

ಇಡೀ ಭಾಗದಲ್ಲೇ ಎಕೋ ಇಲ್ಲ, ಪರದೆಯ ಬುಡದಲ್ಲಿ ಹುಲ್ಲು ಬೆಳೆದಂತೆ ಗದ್ದಲ ಇದೆ ಎಂದರೆ ಲೋಹದ ಹರಳು ದೊಡ್ಡದು. ಎರಕದ ಭಾಗದಲ್ಲಿ, ಸ್ಟೇನ್‌ಲೆಸ್ ವೆಲ್ಡ್‌ನಲ್ಲಿ ಇದು ಸಾಮಾನ್ಯ. 5 ಮೆಗಾಹರ್ಟ್ಜ್ ಬಿಟ್ಟು 2ಕ್ಕೆ ಇಳಿಯಿರಿ. ಅಲೆ ಉದ್ದವಾದಷ್ಟೂ ಹರಳಿಗೆ ಬಡಿದು ಚದುರುವುದು ಕಡಿಮೆ. ಆದರೆ ಅದಕ್ಕೆ ಬೆಲೆ ತೆರಬೇಕು. ನೇರ ಅಲೆಯ ಉದ್ದ 5 ಮೆಗಾಹರ್ಟ್ಜ್‌ನಲ್ಲಿ 1.2 ಮಿ.ಮೀ. ಇದ್ದದ್ದು 2ರಲ್ಲಿ ಸುಮಾರು 3 ಮಿ.ಮೀ. ಆಗುತ್ತದೆ. ಅಲೆಯ ಅರ್ಧಕ್ಕಿಂತ ಸಣ್ಣ ದೋಷ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಮೇಲ್ಮೈಗೆ ತೀರಾ ಹತ್ತಿರದ ದೋಷವೂ ಹೀಗೇ ತಪ್ಪಿಸಿಕೊಳ್ಳುತ್ತದೆ. ಪ್ರೋಬ್ ತಾನೇ ಮಾಡಿದ ಸದ್ದು ಅಡಗುವ ಮೊದಲೇ ಆ ಎಕೋ ಬಂದು ಹೋಗಿರುತ್ತದೆ. ಶಬ್ದ ಕಳಿಸುವುದಕ್ಕೆ ಒಂದು, ಕೇಳುವುದಕ್ಕೆ ಇನ್ನೊಂದು ಬಿಲ್ಲೆ ಇರುವ ಜೋಡಿ ಪ್ರೋಬ್ ಬಳಸಿ.

ಎಕ್ಸ್-ರೇ ಫಿಲ್ಮ್ ಕನ್ನಡಿಯಷ್ಟು ಸ್ವಚ್ಛ, ಆದರೂ ಭಾಗ ಬಿರಿಯಿತು

ಜನ ಎಕ್ಸ್-ರೇ ಮೇಲೆ ಇಡುವ ನಂಬಿಕೆ ಸ್ವಲ್ಪ ಜಾಸ್ತಿಯೇ. ಚಿತ್ರ ಕೈಗೆ ಸಿಗುತ್ತದಲ್ಲ, ಅದಕ್ಕೆ. ಫಿಲ್ಮ್ ಅಳೆಯುವುದು ಕಿರಣದ ದಾರಿಯಲ್ಲಿ ಎಷ್ಟು ಲೋಹ ಕಡಿಮೆ ಇದೆ ಎಂಬುದನ್ನು ಮಾತ್ರ. ಸಾಮಾನ್ಯವಾಗಿ ದಪ್ಪದ ಶೇ. 2ರಷ್ಟು ವ್ಯತ್ಯಾಸ ಕಂಡರೆ ಒಳ್ಳೆಯ ಫಿಲ್ಮ್ ಎನ್ನುತ್ತೇವೆ. 25 ಮಿ.ಮೀ. ಸ್ಟೀಲ್‌ಗೆ ಅದು ಅರ್ಧ ಮಿ.ಮೀ. ಬಿರುಕು ಕಿರಣದ ಉದ್ದಕ್ಕೆ ನಿಂತಿದ್ದರೆ ಅದರ ಆಳವೇ ಎರಡು ಮೂರು ಮಿ.ಮೀ. ಇರುತ್ತದೆ, ಕಪ್ಪು ಗೆರೆಯಾಗಿ ಕಾಣುತ್ತದೆ. ಅದೇ ಬಿರುಕು ಓರೆಯಾಗಿ ಮಲಗಿದ್ದರೆ ಕಿರಣಕ್ಕೆ ಸಿಗುವುದು ಬಿರುಕಿನ ಬಾಯಿಯ ಅಗಲದಷ್ಟು ಖಾಲಿ, ಅಂದರೆ ಲೆಕ್ಕಕ್ಕಿಲ್ಲದಷ್ಟು. ಲ್ಯಾಮಿನೇಷನ್ ಆದರೆ ಪೂರ್ತಿ ಕಣ್ಮರೆ. ಹೀಗಾಗಿ ಗುಳ್ಳೆ, ಸ್ಲ್ಯಾಗ್‌ (ವೆಲ್ಡ್ ಒಳಗೆ ಉಳಿದ ಕಿಟ್ಟ) ಇಂಥ ಗಾತ್ರವಿರುವ ದೋಷಕ್ಕೆ ಎಕ್ಸ್-ರೇ, ಹಾಳೆಯಂಥ ದೋಷಕ್ಕೆ ಅಲ್ಟ್ರಾಸೋನಿಕ್ ಎಂಬುದು ನಾನು ಹಿಡಿದಿರುವ ದಾರಿ.

ಫಿಲ್ಮ್ ಕೈಗೆ ಬಂದಾಗ ಮೊದಲು ದೋಷ ಹುಡುಕಬೇಡಿ. ಜೊತೆಗೆ ಇಟ್ಟಿದ್ದ ಸಣ್ಣ ತಂತಿಗಳ ಗುರುತು, ಅಂದರೆ ಪೆನೆಟ್ರಾಮೀಟರ್, ಬೇಕಾದಷ್ಟು ತೆಳು ತಂತಿಯವರೆಗೆ ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಆ ಫಿಲ್ಮ್ ಎಷ್ಟೇ ಸ್ವಚ್ಛವಿದ್ದರೂ ಏನೂ ಹೇಳುತ್ತಿಲ್ಲ. ಫಿಲ್ಮ್ ಇಡುವ ಕ್ಯಾಸೆಟ್ ಹಿಂದೆ ಅಂಟಿಸಿದ ಸೀಸದ ‘ಬಿ’ ಅಕ್ಷರ ಫಿಲ್ಮ್‌ನಲ್ಲಿ ತಿಳಿ ಬಣ್ಣದಲ್ಲಿ ಮೂಡಿದ್ದರೆ ಹಿಂದಿನಿಂದ ಚದುರಿದ ಕಿರಣ ಬಂದಿದೆ ಎಂದರ್ಥ. ಹಿಂದೆ ಸೀಸದ ಹಾಳೆ ಇಟ್ಟು ಮತ್ತೆ ತೆಗೆಯಬೇಕು. ಗೆರೆ ಕಂಡರೆ ಅದು ಫಿಲ್ಮ್ ಮೇಲಿನ ಗೀರೂ ಇರಬಹುದು. ಫಿಲ್ಮನ್ನು ಓರೆಯಾಗಿ ಹಿಡಿದು ಬೆಳಕು ಹಾಯಿಸಿದರೆ ಗೀರು ಹೊಳೆಯುತ್ತದೆ. ಒಂದೇ ಕ್ಯಾಸೆಟ್‌ಗೆ ಎರಡು ಫಿಲ್ಮ್ ಹಾಕಿದ್ದರೆ ವಾದವೇ ಇಲ್ಲ. ಎರಡರಲ್ಲೂ ಒಂದೇ ಜಾಗದಲ್ಲಿ ಇದ್ದರೆ ಭಾಗದ್ದು, ಒಂದರಲ್ಲೇ ಇದ್ದರೆ ಫಿಲ್ಮ್‌ನದು.

ಎಕ್ಸ್-ರೇ ಯಂತ್ರದ ಬದಲು ಕಿರಣ ಸೂಸುವ ಇರಿಡಿಯಂ-192 ಬಳಸುವವರಿಗೆ ಒಂದು ಮಾತು. ಅದರ ಬಲ ಸುಮಾರು 74 ದಿನಕ್ಕೆ ಅರ್ಧವಾಗುತ್ತದೆ. ಫಿಲ್ಮ್‌ಗೆ ಕಿರಣ ಬಿಡುವ ಹೋದ ತಿಂಗಳ ಸಮಯವನ್ನೇ ಈ ತಿಂಗಳೂ ಇಟ್ಟರೆ ಫಿಲ್ಮ್ ಬಿಳಿಚಿಕೊಂಡು ಬರುತ್ತದೆ. ದೋಷ ಆ ಬಿಳುಪಿನಲ್ಲೇ ಅಡಗುತ್ತದೆ.

ಕಾಂಕ್ರೀಟ್: ಸುತ್ತಿಗೆ ಒಂದು ಹೇಳುತ್ತದೆ, ಶಬ್ದ ಇನ್ನೊಂದು

ಕಾಂಕ್ರೀಟ್ ಲೋಹದಂತೆ ಅಲ್ಲ. ಅದರಲ್ಲಿ ಜಲ್ಲಿ, ಸಿಮೆಂಟ್, ಕಂಬಿ, ನೀರು, ಗಾಳಿ ಎಲ್ಲ ಇದೆ. ಮೆಗಾಹರ್ಟ್ಜ್ ಶಬ್ದ ಜಲ್ಲಿಗೆ ಬಡಿದೇ ಸತ್ತುಹೋಗುತ್ತದೆ, ಅದಕ್ಕೇ ಇಲ್ಲಿ ಕಿಲೋಹರ್ಟ್ಜ್ ಲೆಕ್ಕ.

ಬಡಿದು ಎಷ್ಟು ಪುಟಿಯುತ್ತದೆ ಎಂದು ಅಳೆಯುವ ರಿಬೌಂಡ್ ಹ್ಯಾಮರ್ ಒಳ್ಳೆಯ ಅಂಕೆ ಕೊಟ್ಟು, ಶಬ್ದದ ವೇಗ ಕಡಿಮೆ ಬಂದರೆ ನಾನು ವೇಗದ ಮಾತನ್ನೇ ಕೇಳುತ್ತೇನೆ. ಹ್ಯಾಮರ್ ನೋಡುವುದು ಮೇಲಿನ ಚರ್ಮವನ್ನು. ಹಳೆಯ ಕಾಂಕ್ರೀಟ್‌ನ ಮೇಲ್ಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತದೆ. ಒಳಗೆ ಪೊಳ್ಳಿದ್ದರೂ ಹ್ಯಾಮರ್ ಜೋರಾಗಿ ಪುಟಿಯುತ್ತದೆ. ಶಬ್ದವಾದರೋ ಈ ಬದಿಯಿಂದ ಆ ಬದಿಗೆ ದಾಟಿ ಬರಬೇಕು. ರೂಢಿಯಲ್ಲಿರುವ ಲೆಕ್ಕದಲ್ಲಿ ಸೆಕೆಂಡಿಗೆ 4.5 ಕಿ.ಮೀ. ದಾಟಿದರೆ ಬಹಳ ಒಳ್ಳೆಯದು, 3.5ರಿಂದ 4.5 ಒಳ್ಳೆಯದು, 3ಕ್ಕಿಂತ ಕಡಿಮೆ ಎಂದರೆ ಅನುಮಾನ.

ಆ ವೇಗವೂ ಸುಳ್ಳು ಹೇಳಬಲ್ಲದು. ಶಬ್ದದ ದಾರಿಯುದ್ದಕ್ಕೂ ಕಂಬಿ ಇದ್ದರೆ ಅದು ಕಂಬಿ ಹಿಡಿದೇ ಓಡುತ್ತದೆ, ವೇಗ ಏರುತ್ತದೆ. ಕಂಬಿ ಎಲ್ಲಿದೆ ಎಂದು ಮೊದಲು ಕವರ್ ಮೀಟರ್‌ನಿಂದ ಗುರುತು ಹಾಕಿ, ಓರೆಯಾಗಿ ಅಳೆಯಿರಿ. ಬಿರುಕಿನಲ್ಲಿ ನೀರು ತುಂಬಿದ್ದರೆ ಶಬ್ದ ನೀರಿನಲ್ಲೇ ದಾಟಿಬಿಡುತ್ತದೆ. ಒದ್ದೆಯಿದ್ದಾಗ ಚೆನ್ನಾಗಿತ್ತು, ಒಣಗಿದ ಮೇಲೆ ಕೆಟ್ಟಿತು ಎಂಬ ವಿಚಿತ್ರ ಹೀಗೆ ಆಗುವುದು.

ಸ್ಲ್ಯಾಬ್‌ನ ಒಂದೇ ಬದಿ ಸಿಗುವಂತಿದ್ದರೆ ಇಂಪ್ಯಾಕ್ಟ್ ಎಕೋ ಇದೆ. ಸಣ್ಣ ಉಕ್ಕಿನ ಗುಂಡಿನಿಂದ ತಟ್ಟಿ, ಯಾವ ಸ್ವರದಲ್ಲಿ ಕಂಪಿಸುತ್ತದೆ ಎಂದು ನೋಡುವುದು. 200 ಮಿ.ಮೀ. ಸ್ಲ್ಯಾಬ್‌ನಲ್ಲಿ ವೇಗ 4000 ಮೀಟರ್ ಇದ್ದರೆ ಸುಮಾರು 10 ಕಿಲೋಹರ್ಟ್ಜ್ ಬರಬೇಕು. ಒಂದು ಕಡೆ 20 ಬಂದರೆ ಅರ್ಧ ಆಳದಲ್ಲಿ ಪದರ ಬಿಟ್ಟಿದೆ. ಮೇಲಿನ ತೆಳು ಪದರ ಬಿಟ್ಟಿದ್ದರೆ ಮಾತ್ರ ಉಪಕರಣವೇ ಬೇಡ, ಸುತ್ತಿಗೆಯಿಂದ ತಟ್ಟಿದರೆ ಡಬ್ಬ ಬಡಿದಂತೆ ಸದ್ದು ಬರುತ್ತದೆ.

ಶಾಖ ನೋಡುವ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ ಎಂದು ಬಂದವರಿಗೆ ನಾನು ಕೇಳುವುದು ಒಂದೇ: ಎಷ್ಟು ಹೊತ್ತಿಗೆ ನೋಡಿದಿರಿ? ಬಿಟ್ಟ ಪದರ ಬಿಸಿಲಿಗೆ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಈ ಎರಡರ ನಡುವೆ ದಿನಕ್ಕೆ ಎರಡು ಸಲ ಅದರ ಬಿಸಿ ಸುತ್ತಲಿನದಕ್ಕೆ ಸಮವಾಗುತ್ತದೆ. ಆ ಹೊತ್ತಿನಲ್ಲಿ ನೋಡಿದರೆ ಎಂಥ ಕ್ಯಾಮೆರಾಕ್ಕೂ ಅದು ಕಾಣುವುದಿಲ್ಲ.

ಎರಡು ಟೆಸ್ಟ್ ಎರಡು ಮಾತು ಹೇಳಿದಾಗ

ಆಗ ಬಹುಮತ ಎಣಿಸಬೇಡಿ. ಎಕ್ಸ್-ರೇ ‘ಇಲ್ಲ’ ಅಂದು ಅಲ್ಟ್ರಾಸೋನಿಕ್ ‘ಇದೆ’ ಅಂದರೆ, ಎರಡೂ ಸರಿ ಇರುವಂಥ ದೋಷ ಯಾವುದು ಎಂದು ಯೋಚಿಸಿ. ಓರೆಯಾಗಿ ಮಲಗಿದ ಬಿರುಕು ಅಂಥದ್ದು. ಅಲ್ಟ್ರಾಸೋನಿಕ್ ‘ಇಲ್ಲ’, ಎಕ್ಸ್-ರೇ ‘ಇದೆ’ ಅಂದರೆ ಚದುರಿದ ಸಣ್ಣ ಗುಳ್ಳೆಗಳಿರಬಹುದು. ಅವು ದುಂಡಗಿರುವುದರಿಂದ ಶಬ್ದವನ್ನು ಎಲ್ಲ ಕಡೆಗೂ ಹಂಚಿಬಿಡುತ್ತವೆ.

ಗೊತ್ತಿರುವ ದೋಷವಿರುವ ತುಂಡೊಂದನ್ನು ಅದೇ ಲೋಹದಲ್ಲಿ, ಅದೇ ದಪ್ಪದಲ್ಲಿ ಮಾಡಿಟ್ಟುಕೊಳ್ಳಿ. ಅನುಮಾನ ಬಂದಾಗ ಅದೇ ಉಪಕರಣ, ಅದೇ ಸೆಟ್ಟಿಂಗ್, ಅದೇ ಕೈಯಿಂದ ಆ ತುಂಡನ್ನು ಟೆಸ್ಟ್ ಮಾಡಿ. ಅದರಲ್ಲಿರುವ ದೋಷವೂ ಸಿಗದಿದ್ದರೆ ಭಾಗದ ಬಗ್ಗೆ ಚರ್ಚೆಯೇ ಬೇಡ, ಉಪಕರಣ ಸರಿಮಾಡಿ.

ಸಿಕ್ಕರೆ, ಆದರೂ ಅನುಮಾನ ಹೋಗದಿದ್ದರೆ, ಇನ್ನು ಅಗೆಯುವುದೇ ಉಳಿದದ್ದು. ಒಮ್ಮೆಗೇ ಅಗೆಯಬೇಡಿ. ಸ್ವಲ್ಪ ಸ್ವಲ್ಪವೇ ಗ್ರೈಂಡ್ ಮಾಡಿ, ಪ್ರತಿ ಹಂತದಲ್ಲೂ ಕೆಂಪು ಹಚ್ಚಿ ನೋಡಿ. ಕಾಂಕ್ರೀಟ್ ಆದರೆ ಕಂಬಿ ತಪ್ಪಿಸಿ ಒಂದು ಕೋರ್, ಅಂದರೆ ಕೊರೆದ ದುಂಡು ತುಂಡು, ತೆಗೆಯಿರಿ.

ಪ್ರೋಬ್ ಹೋಗಲಾರದ ಜಾಗವೂ ಇರುತ್ತದೆ. 1967ರ ಡಿಸೆಂಬರ್ 15ರಂದು ಅಮೆರಿಕದ ಓಹಾಯೋ ನದಿಯ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಮುರಿದದ್ದು ಸರಪಳಿಯಂತೆ ಕೋದ ಒಂದು ಉಕ್ಕಿನ ಪಟ್ಟಿ, ಐಬಾರ್. ಅದರ ಕಣ್ಣಿನಲ್ಲಿ, ಅಂದರೆ ತುದಿಯ ತೂತಿನಲ್ಲಿ, ಇದ್ದ ಬಿರುಕಿನ ಆಳ ಸುಮಾರು 2.5 ಮಿ.ಮೀ. ಅಷ್ಟೇ. ಜೋಡಣೆ ಬಿಚ್ಚದೆ ಅದನ್ನು ನೋಡುವ ದಾರಿಯೇ ಆಗ ಇರಲಿಲ್ಲ. ಅದಕ್ಕೇ ನಾನು ರಿಪೋರ್ಟ್‌ನಲ್ಲಿ ಟೆಸ್ಟ್ ಮಾಡಿದ ಜಾಗದ ಜೊತೆಗೆ, ಮಾಡಲಾಗದೆ ಬಿಟ್ಟ ಜಾಗದ ಚಿತ್ರವನ್ನೂ ಹಾಕುತ್ತೇನೆ: ಬ್ರಾಕೆಟ್ ಅಡಿ, ಪ್ಯಾಡ್ ಪ್ಲೇಟ್ ಕೆಳಗೆ, ಗೋಡೆಯೊಳಗೆ ಹೋದ ಪೈಪ್‌ನ ತುದಿ. ಅಲ್ಲಿ ಕೆಂಪು ಪೆನ್‌ನಲ್ಲಿ ‘ನೋಡಿಲ್ಲ’ ಎಂದು ಬರೆಯುತ್ತೇನೆ.